ಮುಖ ತಿರುಗಿಸಿಟ್ಟ ಇಟ್ಟಿಗೆಗಳು

“ಎತ್ತಬೇಡ ಅಳಿಯಪ್ಪ. ಬಿದ್ದಿದ್ದು ಬಿದ್ದ ಹಾಗೇ ಇರ್ಲಿ. ಊರೆಲ್ಲ ಸೇರಿ ಎತ್ತೋವರೆಗೂ ಅದನ್ನ ಒಬ್ಬರೇ ಮುಟ್ಟಬಾರದು.”

ಒರೀಲಿಯಾ ಅಜ್ಜಿ ದನಿ ಏರಿಸಲಿಲ್ಲ. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಹುಲ್ಲಿನ ಬುಟ್ಟಿ ಹೆಣೆಯುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ. ಟಿಲ್ಡಾ ಎಂಬ ಚಂಡಮಾರುತ ದ್ವೀಪವನ್ನು ದಾಟಿಹೋದ ಮಾರನೆಯ ಬೆಳಿಗ್ಗೆ ಅದು. ಜವುಗಿನ ಹುಲ್ಲೆಲ್ಲ ಬಾಚಿದ ಕೂದಲಿನಂತೆ ಒಂದೇ ಕಡೆಗೆ ಮಲಗಿತ್ತು. ಗಾಳಿಯ ತುಂಬ ಕೊಳೆತ ಸಿಂಪಿಯ, ಕಿತ್ತುಬಂದ ಬೇರುಗಳ, ಉಪ್ಪುಕೆಸರಿನ ವಾಸನೆ. ನೀರಿನಂಚಿನಲ್ಲಿ ನಿಂತ ಹಳೆಯ ಇಟ್ಟಿಗೆ ಗೋಡೆಯ ಒಂದು ಮೂಲೆ ಕುಸಿದು ಕೆಸರಿನೊಳಗೆ ಚೆಲ್ಲಿಕೊಂಡಿತ್ತು.

ಲಿನ್‌ವುಡ್ ಒಂದು ಇಟ್ಟಿಗೆ ಎತ್ತಿಕೊಂಡು ಗೆಣ್ಣಿನಿಂದ ತಟ್ಟಿದ. ಠಣ್ಣೆಂದಿತು. ಗಾರೆ ಕೆಲಸದವನ ಕಿವಿಗೆ ಅದಕ್ಕಿಂತ ಇಂಪಾದ ಸದ್ದಿಲ್ಲ.

“ಇಟ್ಟಿಗೆ ಅಜ್ಜಿ ಇದು. ಹಾವಲ್ಲ.”

“ಹಾವಾಗಿದ್ರೆ ನಾನು ಹೇಳ್ತಾನೇ ಇರ್ಲಿಲ್ಲ. ಹಾವು ಕಚ್ಚಿದ್ರೆ ಒಬ್ಬರನ್ನ ಕಚ್ಚತ್ತೆ.”

ಗೋಡೆಯ ನಿಂತ ಭಾಗದ ಮೇಲೆ ಬಲೆ ಹರವುತ್ತಿದ್ದ ಜಬೆಜ್ ಜೋರಾಗಿ ನಕ್ಕ. ಅವನು ಲಿನ್‌ವುಡ್‌ನ ಹೆಂಡತಿ ರುಥೀನಾಳ ಚಿಕ್ಕಪ್ಪನ ಮಗ, ಸಿಗಡಿ ದೋಣಿಯವನು. “ಭಾವ, ಕೆಳಗಿಡು. ಅಜ್ಜಿ ಹೀಗೆ ಮೆಲ್ಲಗೆ ಮಾತಾಡಿದ್ರೆ ನಮ್ಮಮ್ಮ ಉಪ್ಪು ತಗೊಂಡು ಬಾಗಿಲಿಗೆ ಓಡ್ತಿದ್ಲು.”

“ನಿಮ್ಮೂರಲ್ಲಿ ಪ್ರತಿಯೊಂದಕ್ಕೂ ಒಂದು ದೆವ್ವ ಇದೆಯಪ್ಪ. ದೆವ್ವಗಳಿಗೇ ಜಾಗ ಸಾಲಲ್ಲ, ಇನ್ನು ಮನುಷ್ಯರು ಎಲ್ಲಿ ಮನೆ ಕಟ್ಟೋದು?” ಎಂದು ಲಿನ್‌ವುಡ್ ಇಟ್ಟಿಗೆಯನ್ನು ಕೆಸರಿಗೆ ಎಸೆದ. ಅದು ಗುಳುಕ್ ಎಂದಿತು. ಆಗ ಮಾತ್ರ ಅಜ್ಜಿ ತಲೆ ಎತ್ತಿ ನೋಡಿದಳು.

“ಅವಕ್ಕೆ ಮುಖ ಇದೆ, ಅಳಿಯಪ್ಪ” ಎಂದಳು.

ಅದನ್ನು ಗೋಡೆ ಎಂದು ಕರೆಯುವುದೇ ಅವನಿಗೆ ತಮಾಷೆಯಾಗಿತ್ತು. ಅದರ ಹಿಂದೆ ಮನೆಯಿಲ್ಲ, ಮುಂದೆ ಅಂಗಳವಿಲ್ಲ, ಬಾಗಿಲು ಕಿಟಕಿ ಏನೂ ಇಲ್ಲ. ಆಳೆತ್ತರದ ಬೋಳು ಗೋಡೆ, ದೋಣಿಕಟ್ಟೆಯಿಂದ ಓಕ್ ಮರದವರೆಗೆ ಸುಮ್ಮನೆ ನಿಂತಿದೆ. ಜಬೆಜ್‌ಗೆ ಅದು ಬಲೆ ಒಣಗಿಸುವ ಹಗ್ಗ. ಚರ್ಚಿನ ಹಾಡುಗಾರ ಹೆಂಗಸರು ಅದಕ್ಕೆ ಎದುರಾಗಿ ನಿಂತು ಅಭ್ಯಾಸ ಮಾಡುತ್ತಾರೆ, ಗೋಡೆ ದನಿಯನ್ನು ಬೆಚ್ಚಗೆ ಮಾಡಿ ವಾಪಸು ಕೊಡುತ್ತದಂತೆ. ನೆಲ ಅಳೆಯಲು ಬರುವ ಪಟ್ಟಣದವರಿಗೆ ಸಮುದ್ರ ಕಾಣದ ಹಾಗೆ ಅಡ್ಡ ನಿಂತ ಪೀಡೆ. ಫಿಲಡೆಲ್ಫಿಯಾದ ಇಟ್ಟಿಗೆಯ ಸಾಲುಮನೆಗಳಲ್ಲಿ ಹುಟ್ಟಿ, ಅದೇ ಕಸುಬು ಹಿಡಿದು, ಈಗ ಹೆಂಡತಿಯ ಊರಿನಲ್ಲಿ ಮನೆ ಕಟ್ಟುತ್ತಿರುವ ಲಿನ್‌ವುಡ್‌ಗೆ ಅದು ಹದವಾಗಿ ಬೆಂದ, ಯಾರದೂ ಅಲ್ಲದ ಮಾಲು.

ಆದರೂ ಒಂದನ್ನು ಅವನೂ ಗಮನಿಸಿದ್ದ. ದ್ವೀಪದವರು ಯಾರೇ ಆ ದಾರಿಯಲ್ಲಿ ಹೋಗಲಿ, ಮಾತು ನಿಲ್ಲಿಸಿ, ಕೈಚಾಚಿ, ಗೋಡೆಯ ಮೇಲೆ ಒಂದು ಜಾಗ ಮುಟ್ಟಿ ಮುಂದೆ ಹೋಗುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಜಾಗ. ಅಲ್ಲಿ ಇಟ್ಟಿಗೆಯ ಮೈಯಲ್ಲಿ ಪುಟ್ಟ ಗುಳಿಗಳಿದ್ದವು. ಮಕ್ಕಳ ಬೆರಳಿನವು.

ಒಡೆಯರಿದ್ದ ಕಾಲದಲ್ಲಿ ಈ ಜವುಗಿನ ಜೇಡಿಯಿಂದಲೇ ಇಟ್ಟಿಗೆ ಆಗುತ್ತಿತ್ತು. ಅಚ್ಚಿನಿಂದ ತೆಗೆದ ಹಸಿ ಇಟ್ಟಿಗೆಯನ್ನು ಬಿಸಿಲಿಗೆ ಮಗುಚುವ ಕೆಲಸ ಗುಲಾಮರ ಮಕ್ಕಳದು. ಮೆತ್ತನೆಯ ಜೇಡಿಗೆ ಬೆರಳು ಊರಿಬಿಡುತ್ತಿತ್ತು. ಊರಿದ ಗುರುತು ಕಂಡರೆ ಚಾಟಿ. ಗುರುತು ಬಿದ್ದ ಇಟ್ಟಿಗೆಗಳನ್ನು ದೊಡ್ಡಮನೆಯ ಗೋಡೆಗೆ ಮುಖ ಒಳಗೆ ಮಾಡಿ, ಯಾರಿಗೂ ಕಾಣದಂತೆ ಇಡುತ್ತಿದ್ದರು. ಮಕ್ಕಳಲ್ಲಿ ಎಷ್ಟೋ ಮಂದಿ ಬೆಳೆಯಲಿಲ್ಲ. ಜ್ವರ ಬಂದರೆ ಜ್ವರ, ಭಟ್ಟಿಯ ಹೊಗೆಯಾದರೆ ಹೊಗೆ. ಎಲ್ಲಿ ಹೂತರೋ ತಾಯಂದಿರಿಗೂ ಹೇಳಲಿಲ್ಲ. ಬಿಡುಗಡೆಯಾದ ವರ್ಷ ದೊಡ್ಡಮನೆ ಸುಟ್ಟು ಬಿತ್ತು. ಆಗ ಆ ತಾಯಂದಿರು ಬೂದಿಯೊಳಗೆ ಕೈಯಾಡಿಸಿ, ಬೆರಳಿನ ಗುಳಿ ಇದ್ದ ಇಟ್ಟಿಗೆಗಳನ್ನೆಲ್ಲ ಆರಿಸಿ, ಸಿಂಪಿಸುಣ್ಣ ಕಲಸಿ ಒಂದು ಗೋಡೆ ಎಬ್ಬಿಸಿದರು. ಎಲ್ಲ ಗುಳಿಗಳೂ ಹೊರಗೆ, ಬೆಳಕಿಗೆ. ಬೇರಿನ ಮದ್ದು-ಮಾಟ ಬಲ್ಲ ಒಬ್ಬಳು, ಒರೀಲಿಯಾಳ ಮುತ್ತಜ್ಜಿ, ಬುಡದಲ್ಲಿ ಒಂದು ನೀಲಿ ಸೀಸೆ ಹೂತು ಮಂತ್ರ ಕಟ್ಟಿದಳು: ಈ ಮುಖಗಳನ್ನು ಇನ್ನೊಮ್ಮೆ ಕತ್ತಲಿಗೆ ತಿರುಗಿಸಿದವನ ಮನೆಯಲ್ಲಿ ಈ ಮಕ್ಕಳೇ ಜೊತೆಗಾರರನ್ನು ಆರಿಸಿಕೊಳ್ಳಲಿ.

ಅಂದಿನಿಂದ ದ್ವೀಪದಲ್ಲಿ ಹುಟ್ಟಿದ ಪ್ರತಿ ಕೂಸನ್ನೂ ಗೋಡೆಯ ಹತ್ತಿರ ತಂದು, ಒಂದು ಗುಳಿಯಲ್ಲಿ ಅದರ ಬೆರಳಿಡಿಸುತ್ತಾರೆ. ‘ಇದು ನಮ್ಮದು, ಕರೀಬೇಡಿ. ಕೈ ಬೇಕಾದ್ರೆ ಹಿಡ್ಕೊಳ್ಳಿ.’ ಇಷ್ಟೇ ಮಾತು.

ರುಥೀನಾ ಇದನ್ನೆಲ್ಲ ಮದುವೆಗೆ ಮುಂಚೆಯೇ ಹೇಳಿದ್ದಳು. ತನ್ನ ಗುಳಿಯ ಅಂಚಿನಲ್ಲಿ ಚಿಪ್ಪಿನ ಚೂರೊಂದು ಇದೆ, ಬೆಳದಿಂಗಳಲ್ಲಿ ಮಿನುಗುತ್ತದೆ ಎಂದಿದ್ದಳು. ಲಿನ್‌ವುಡ್ ಅವಳ ತುಟಿಗಳನ್ನು ನೋಡುತ್ತಿದ್ದನೇ ಹೊರತು ಮಾತನ್ನು ಕೇಳಿರಲಿಲ್ಲ.

*

ಮನೆ ಹೆಚ್ಚುಕಡಿಮೆ ಮುಗಿದಿತ್ತು. ಉಳಿದದ್ದು ಅಗ್ಗಿಷ್ಟಿಕೆ ಒಂದೇ. “ಮಗು ಬರೋ ಹೊತ್ತಿಗೆ ಒಲೆ ಉರೀತಿರ್ಬೇಕು ಲಿನ್. ತಣ್ಣಗಿರೋ ಮನೆಗೆ ಅದನ್ನ ತರಲ್ಲ ನಾನು” ಎಂದು ರುಥೀನಾ ಬಸುರಿನ ಹೊಟ್ಟೆಯ ಮೇಲೆ ಕೈಯಿಟ್ಟು ಆಣೆ ಮಾಡಿಸಿಕೊಂಡಿದ್ದಳು. ಚಂಡಮಾರುತ ಸೇತುವೆಯನ್ನು ಒಯ್ದಿತ್ತು. ಇಟ್ಟಿಗೆಯ ಲಾರಿ ಚಳಿಗಾಲ ಮುಗಿಯುವ ತನಕ ಬರುವುದಿಲ್ಲ. ಗೋಡೆ ಎತ್ತುವುದು ಹೊಸ ವರ್ಷದ ದಿನ ಎಂದು ಊರು ತೀರ್ಮಾನಿಸಿತ್ತು. ಮೊದಲು ಎಲ್ಲರ ಚಾವಣಿ ಸರಿಹೋಗಬೇಕು.

ಒಂದು ಮುಂಜಾನೆ ಮಂಜು ನೆಲಕ್ಕೇ ಇಳಿದು ಕೂತಿತ್ತು. ಲಿನ್‌ವುಡ್ ಪಿಕಪ್ಪನ್ನು ಓಕ್ ಮರದ ಕೆಳಗೆ ನಿಲ್ಲಿಸಿ ಕೆಸರಿಗೆ ಇಳಿದ. ಅರ್ಧ ಹೂತ ಇಟ್ಟಿಗೆಗಳನ್ನು ಮಾತ್ರ ಆರಿಸಿದ. ಕೇಳಿದರೆ ಉಬ್ಬರ ಒಯ್ದಿತು ಅನ್ನಬಹುದು. ಪ್ರತಿ ಇಟ್ಟಿಗೆಯನ್ನೂ ಕೆಸರು ‘ಚಪ್’ ಎಂದು ಚೀಪಿ, ಕೊಡಲಾರದೆ ಕೊಟ್ಟ ಹಾಗೆ ಬಿಡುತ್ತಿತ್ತು. ಒಂದರ ಮೇಲೆ ಏನೋ ಮಿನುಗಿತು. ಅವನು ನಿಂತು ನೋಡಲಿಲ್ಲ.

ಕೊನೆಯಲ್ಲಿ ಕೈಗೆ ನುಣುಪಾದದ್ದು ಸಿಕ್ಕಿತು. ನೀಲಿ ಸೀಸೆ. ಬಾಯಿಗೆ ಮೇಣ, ಒಳಗೆ ಗಂಟು ಹಾಕಿದ ಬೇರು, ಸುಣ್ಣ, ಒಂದು ಹಿಡಿ ಕೂದಲು. ಮಕ್ಕಳ ಕೂದಲಿನಷ್ಟು ತೆಳು. ಅವನು ನಕ್ಕ. ನಗು ಮಂಜಿನಲ್ಲಿ ಯಾರದೋ ನಗುವಿನಂತೆ ಕೇಳಿಸಿತು. ಮೇಣ ಕಿತ್ತು ಮೂಸಿದ: ಹಸಿಜೇಡಿ, ಹುಳಿ, ಸುಟ್ಟ ಕೂದಲು. ಮುಖ ತಿರುಗಿಸಿ ಸೀಸೆಯನ್ನು ಕಾಲುವೆಗೆ ಬೀಸಿ ಒಗೆದ. ಅದು ನೀರಿಗೆ ಬಿದ್ದ ಸದ್ದು ಕೇಳಿಸಲೇ ಇಲ್ಲ.

“ಎಲ್ಲಿ ಸಿಕ್ತು ಇಷ್ಟು ಚೆಂದದ ಇಟ್ಟಿಗೆ?” ಎಂದಳು ರುಥೀನಾ, ಟಾರ್ಪಾಲಿನ ಅಂಚು ಎತ್ತಿ.

“ಪಟ್ಟಣದಲ್ಲಿ ಒಂದು ಹಳೇ ಮನೆ ಕೆಡವಿದ್ರು. ದೋಣೀಲಿ ಹಾಕಿಸ್ಕೊಂಡು ಬಂದೆ.”

ಅವಳು ಅವನ ಕೆನ್ನೆಯ ಕೆಸರನ್ನು ತನ್ನ ಅಂಗಿಯ ತೋಳಿನಿಂದ ಒರೆಸಿದಳು. “ನನಗೋಸ್ಕರ ಅಷ್ಟು ದೂರ ಹೋಗಿದ್ಯಾ!” ಅದೊಂದು ಮಾತು ಅವನ ಎದೆಯಲ್ಲಿ ಕಲ್ಲಿನ ಹಾಗೆ ಕೂತಿತು.

ಗಾರೆ ಕೆಲಸದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ: ನುಣುಪು ಮುಖ ಹೊರಗೆ, ಕಲೆಯಿದ್ದ ಮುಖ ಒಳಗೆ. ಕೈ ತಾನಾಗಿಯೇ ತಿರುಗಿಸುತ್ತದೆ. ಈ ಸಲ ಕೈಯ ಜೊತೆ ಮನಸ್ಸೂ ತಿರುಗಿಸಿತು, ರುಥೀನಾಳಿಗೆ ಕಾಣಬಾರದಲ್ಲ. ಒಂದೊಂದೇ ಗುಳಿಯನ್ನು ಅವನು ಹೊಗೆಗೂಡಿನ ಒಳಕ್ಕೆ, ಬೆಂಕಿಯ ಕಡೆಗೆ, ಕತ್ತಲಿಗೆ ಮುಖಮಾಡಿ ಇಟ್ಟ. ಸುಣ್ಣವಲ್ಲ, ಗಟ್ಟಿ ಸಿಮೆಂಟು ಹಾಕಿದ. ಮೂಲೆಗೆ ಅರ್ಧ ಇಟ್ಟಿಗೆ ಬೇಕಾಯಿತು. ಕರಣೆಯ ಅಂಚಿನಿಂದ ಒಂದೇ ಏಟು. ಇಟ್ಟಿಗೆ ಎರಡಾಯಿತು. ಗುಳಿಗಳ ನಡುವೆಯೇ ಬಿರಿದಿತ್ತು. ಎರಡು ಬೆರಳು ಒಂದು ತುಂಡಿಗೆ, ಉಳಿದವು ಇನ್ನೊಂದಕ್ಕೆ. ಒಡೆದಾಗ ಬಂದದ್ದು ಇಟ್ಟಿಗೆಯ ಸದ್ದಲ್ಲ. ಗಾಳಿ ಎಂದುಕೊಂಡ. ಬೇಡವಾದ ತುಂಡನ್ನು ನೆಲದ ಕಾಂಕ್ರೀಟಿಗೆ ಹಾಕಿ ಮುಚ್ಚಿದ.

*

ಮೊದಲ ಬೆಂಕಿಗೆ ಜಬೆಜ್ ಸಿಗಡಿ ತಂದ, ರುಥೀನಾ ಟೊಮೆಟೊ ಹಾಕಿ ಕೆಂಪು ಅನ್ನ ಮಾಡಿದಳು. “ಭಾವ, ಈ ಒಲೆ ಮುಂದೆ ಕೂತ್ರೆ ಪಾದ್ರಿಗೂ ಪಾಪ ಮಾಡೋ ಮನಸ್ಸಾಗತ್ತೆ” ಎಂದು ಜಬೆಜ್ ಕಾಲು ಚಾಚಿದ. ಎಲ್ಲರೂ ನಕ್ಕರು. ಆಮೇಲೆ ನಗು ನಿಂತಾಗ ಸದ್ದು ಕೇಳಿಸಿತು.

ಕೆರ್ರ್. ಕೆರ್ರ್. ಉಗುರಿನಿಂದ ಪಾತ್ರೆಯ ತಳ ಕೆರೆದ ಹಾಗೆ, ಹೊಗೆಗೂಡಿನ ಒಳಗೆ.

“ಅಳಿಲು” ಎಂದ ಲಿನ್‌ವುಡ್.

“ಬೆಂಕಿ ಹಚ್ಚಿದ ಮೇಲೂ?” ಎಂದ ಜಬೆಜ್. ತಟ್ಟೆ ಕೆಳಗಿಟ್ಟು, ಬೇಗ ಹೊರಟುಹೋದ.

ಮರುದಿನ ಬೆಳಿಗ್ಗೆ ರುಥೀನಾ ಕನ್ನಡಿಯ ಮುಂದೆ ನಿಂತು ಕರೆದಳು. ಹೊಕ್ಕುಳಿನ ಪಕ್ಕದಲ್ಲಿ ಜೇಡಿಯ ಗುರುತು. ಚುಕ್ಕೆಯಷ್ಟು. ಹಸಿ.

“ನಿನ್ನ ಕೈಗೇ ಹತ್ತಿರಬೇಕು.”

“ನಾನು ಮಣ್ಣು ಮುಟ್ಟಿಲ್ಲ ಲಿನ್.”

ಅವನು ಒದ್ದೆ ಬಟ್ಟೆಯಿಂದ ಒರೆಸಿದ. ಅದರ ಮರುದಿನ ಅದೇ ಜಾಗದ ಸುತ್ತ ಇನ್ನಷ್ಟು. ಪುಟ್ಟ ಬೆರಳುಗಳು ಕಿಟಕಿ ತಟ್ಟಿ ಒಳಗಿನವರನ್ನು ಕರೆದ ಹಾಗೆ. ಮನೆಯ ತುಂಬ ಆ ವಾಸನೆ: ಹಸಿಜೇಡಿ, ಹುಳಿ, ಸುಟ್ಟ ಕೂದಲು. ರೊಟ್ಟಿಯಲ್ಲಿ, ದಿಂಬಿನಲ್ಲಿ, ಅವಳ ತಲೆಯಲ್ಲಿ. ಅವಳು ಕಿಟಕಿ ತೆರೆದಿಡುತ್ತಿದ್ದಳು, ಅವನು ಮುಚ್ಚುತ್ತಿದ್ದ, ವಾಸನೆ ಊರಿಗೆ ಹೋಗಿ ತನ್ನ ಹೆಸರು ಹೇಳೀತೆಂಬಂತೆ. ಹೇಳಿಬಿಡಬೇಕು ಎಂದು ಪ್ರತಿ ಬೆಳಿಗ್ಗೆ ಅಂದುಕೊಳ್ಳುತ್ತಿದ್ದ. ಅವಳು ಆ ಒಲೆಯ ಮುಂದೆ ಕಾಲು ಕಾಯಿಸುತ್ತ, ಅವನತ್ತ ನೋಡಿ ನಗುತ್ತಿದ್ದಳು. ಅವನು ಒಲೆಗೆ ಇನ್ನೊಂದು ಕಟ್ಟಿಗೆ ಹಾಕುತ್ತಿದ್ದ. ಕೆಡವಿಬಿಡೋಣ ಎಂದು ಉಳಿ ಹಿಡಿದು ನಿಂತದ್ದೂ ಉಂಟು. ಯಾಕೆ ಕೆಡವಿದೆ ಎಂದು ಅವಳು ಕೇಳಿದರೆ?

ಹೇಡಿಯ ಸುಳ್ಳು ಬಾಡಿಗೆಗೆ ಬಂದು ಯಜಮಾನನಾಗುತ್ತದೆ ಎನ್ನುತ್ತಾರೆ ದ್ವೀಪದ ಅಜ್ಜಿಯರು. ಹಾಗೇ ಆಯಿತು.

*

ಕ್ರಿಸ್ಮಸ್ ಹತ್ತಿರ ಬಂದಿತ್ತು. ಆ ದಿನ ಮಧ್ಯಾಹ್ನವೇ ಮೋಡ ಕವಿದು ದೀಪ ಹಚ್ಚಬೇಕಾಯಿತು. ಬೆಳಗಿನಿಂದ ಮಗು ಅಲ್ಲಾಡಿರಲಿಲ್ಲ. ಒರೀಲಿಯಾ ಅಜ್ಜಿ ಎಣ್ಣೆಯ ಬಾಟಲಿ ಹಿಡಿದು ಬಂದಳು. ದ್ವೀಪದ ಅರ್ಧ ಮಂದಿಯನ್ನು ಭೂಮಿಗೆ ಇಳಿಸಿಕೊಂಡ ಕೈ ಅವಳದು. ಹೊಸ್ತಿಲು ದಾಟಿದವಳು ಹಾಗೇ ನಿಂತಳು. ಮೂಗಿನ ಹೊಳ್ಳೆ ಅರಳಿದವು.

“ಯಾರು ತೆಗೆದ್ರು ಸೀಸೇನ?”

ಲಿನ್‌ವುಡ್ ಕಿಟಕಿ ಮುಚ್ಚಲು ಹೋದ.

ರುಥೀನಾ ಅಗ್ಗಿಷ್ಟಿಕೆಯ ಮುಂದೆ ಕೂತಿದ್ದಳು. ಬೆಂಕಿ ಆರಿತ್ತು, ಬೂದಿ ತಣ್ಣಗಿತ್ತು. ಕೆರೆಯುವ ಸದ್ದು ಮಾತ್ರ ಇತ್ತು. ಈಗ ಮೆಲ್ಲಗೆ, ಗೋಗರೆದ ಹಾಗೆ. “ಪಾಪ, ಏನೋ ಸಿಕ್ಕಿಕೊಂಡಿದೆ ಅಜ್ಜಿ ಒಳಗೆ” ಎನ್ನುತ್ತ ಅವಳು ಬಾಗಿ, ಹೊಗೆಗೂಡಿನ ಒಳಕ್ಕೆ ತೋಳು ತೂರಿಸಿದಳು.

“ಬೇಡ ರುಥೀ!” ಲಿನ್‌ವುಡ್ ಕೂಗಿದ.

ಅವಳ ಕೈ ಒಳಗೋಡೆಯನ್ನು ತಡವಿತು. ನಿಂತಿತು. ಅದೇ ಜಾಗವನ್ನು ಮತ್ತೆ ತಡವಿತು. ಹುಟ್ಟಿದಂದಿನಿಂದ ಶಾಲೆಗೆ, ಚರ್ಚಿಗೆ, ಮದುವೆಗೆ ಹೋಗುವಾಗಲೆಲ್ಲ ಮುಟ್ಟಿದ ಗುಳಿ. ಅಂಚಿನಲ್ಲಿ ಚಿಪ್ಪಿನ ಚೂರು. ಬೆರಳು ಕಣ್ಣಿಗಿಂತ ಚೆನ್ನಾಗಿ ಬಲ್ಲದು.

“ಲಿನ್” ಎಂದಳು. ಪಿಸುಮಾತು. “ಇದು ನನ್ನದು.”

ಅವನು ತಲೆ ತಗ್ಗಿಸಿದ.

“ನನ್ನ ಇಟ್ಟಿಗೆ ನಮ್ಮ ಒಲೇಲಿ ಯಾಕಿದೆ ಲಿನ್?”

ಉತ್ತರಕ್ಕೆ ಅವಳು ಕಾಯಲಿಲ್ಲ, ಕೈ ಎಳೆದುಕೊಳ್ಳಲು ಹೋದಳು. ಬರಲಿಲ್ಲ. ಇನ್ನೊಮ್ಮೆ ಎಳೆದಳು. ಬರಲಿಲ್ಲ. ಕಣ್ಣು ಅಗಲವಾದವು.

“ಹಿಡ್ಕೊಂಡಿದ್ದಾರೆ. ಅಜ್ಜೀ, ಯಾರೋ ಹಿಡ್ಕೊಂಡಿದ್ದಾರೆ!”

ತಣ್ಣನೆಯ ಬೂದಿ ಕೆಂಪಗಾಯಿತು. ಯಾರೂ ಊದಲಿಲ್ಲ. ತಾನಾಗಿಯೇ. ಸುಟ್ಟ ಕೂದಲಿನ ವಾಸನೆ ದಟ್ಟವಾಗಿ ನುಗ್ಗಿತು. ದೀಪ ಕುಗ್ಗಿತು. ಹೊಗೆಗೂಡಿನ ಉದ್ದಕ್ಕೂ ಕೆರೆತ, ನೂರು ಉಗುರು, ಮೇಲಿಂದ ಕೆಳಕ್ಕೆ ಓಡಿಬಂತು. ಲಿನ್‌ವುಡ್ ಸುತ್ತಿಗೆ ಎತ್ತಿದ.

“ಒಡೀಬೇಡ!” ಅಜ್ಜಿ ಚೀರಿದಳು. “ಒಡೆದ್ರೆ ಅವರ ಕೈ ಒಡೀತೀಯ! ಬಿಡಿಸು! ಸಂದಿ ಬಿಡಿಸು!”

ಉಳಿ. ಸಿಮೆಂಟು. ಕಲ್ಲಿಗಿಂತ ಗಟ್ಟಿ. ತಾನೇ ಹಾಕಿದ್ದು. ಕೆತ್ತಿದ. ಕಿಡಿ ಹಾರಿತು. ಕೆತ್ತಿದ. ಬೂದಿಯ ಬಿಸಿ ಮೊಣಕೈ ಸುಟ್ಟಿತು. ಪಕ್ಕದಲ್ಲಿ ರುಥೀನಾಳ ಉಸಿರು, ಚಿಕ್ಕದು, ಇನ್ನೂ ಚಿಕ್ಕದು. “ಮಗು,” ಎನ್ನುತ್ತಿದ್ದಳು, “ಮಗು ಲಿನ್, ಅದು ತಣ್ಣಗಾಗ್ತಿದೆ.” ಒಂದು ಸಂದಿ ಬಿಟ್ಟಿತು. ಇನ್ನೊಂದು. ಉಳಿ ಜಾರಿ ಅವನ ಗೆಣ್ಣು ಸೀಳಿತು. ರಕ್ತ ಇಟ್ಟಿಗೆಯ ಮೇಲೆ ಬಿತ್ತು, ಇಟ್ಟಿಗೆ ಹೀರಿಕೊಂಡಿತು. ಬಾಯಾರಿದ್ದಂತೆ. ಅವನು ಉಳಿ ಎಸೆದು ಉಗುರಿನಿಂದ ಬಗೆದ. ಒಳಗಿನಿಂದಲೂ ಯಾರೋ ಬಗೆಯುತ್ತಿದ್ದರು. ಅವನ ಉಗುರು, ಅವರ ಉಗುರು. ಒಂದೇ ಸಂದಿ. ಎರಡು ಕಡೆ.

ಇಟ್ಟಿಗೆ ಕಳಚಿತು. ಅದರೊಂದಿಗೆ ರುಥೀನಾ ಹಿಂದಕ್ಕೆ ಬಿದ್ದಳು. ಅವಳ ಮಣಿಕಟ್ಟಿನ ಸುತ್ತ ಜೇಡಿಯ ಬಳೆ: ಪುಟ್ಟ ಐದು ಬೆರಳು.

ಅಜ್ಜಿ ಅವಳ ಹೊಟ್ಟೆಗೆ ಕಿವಿಯಿಟ್ಟಳು. ಬಹಳ ಹೊತ್ತು.

“ಇದೆ” ಎಂದಳು. “ಆದ್ರೆ ದೂರ ಹೋಗ್ತಿದೆ. ಎಲ್ಲಾನೂ ಬಿಡಿಸು. ಕತ್ತಲಾಗೋದ್ರೊಳಗೆ ಗೋಡೆಗೆ ಹೋಗಬೇಕು.”

*

ಊರು ಬಂದಿತು. ಕರೆಯುವ ಮೊದಲೇ ಬಂದಿತು, ವಾಸನೆ ಹೇಳಿತ್ತು. ಹೊಗೆಗೂಡನ್ನು ಸಂದಿಸಂದಿಯಾಗಿ ಬಿಡಿಸಿ, ಒಬ್ಬೊಬ್ಬರು ತಮ್ಮ ತಮ್ಮ ಇಟ್ಟಿಗೆಯನ್ನು ಬೆರಳಿಂದ ತಡವಿ ಗುರುತಿಸಿ, ಕೂಸಿನಂತೆ ಎದೆಗವಚಿ ಎತ್ತಿಕೊಂಡರು. ಯಾರೂ ಬೈಯಲಿಲ್ಲ. ಜಬೆಜ್ ತನ್ನ ಇಟ್ಟಿಗೆಯ ಮಸಿಯನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಲಿನ್‌ವುಡ್ ಅವನ ಪಕ್ಕ ನಿಂತ. ಒಂದು ತಮಾಷೆ ಮಾಡಲಿ, ಭಾವ ಎನ್ನಲಿ, ಕಡೆಗೆ ಉಗಿಯಲಿ ಎಂದು ಕಾದ. ಜಬೆಜ್ ಅವನನ್ನು ಬಳಸಿಕೊಂಡು ಹೋದ, ದಾರಿಯಲ್ಲಿ ಕಂಬ ಇದ್ದರೆ ಬಳಸಿಹೋಗುವಂತೆ.

ಜವುಗಿನ ಮೇಲೆ ಸಂಜೆಯ ಬೆಳಕು ತುಕ್ಕು ಹಿಡಿಯುತ್ತಿತ್ತು. ಸಿಂಪಿಸುಣ್ಣ ಕಲಸಿದರು. ಗುಳಿ ಹೊರಗೆ ಮಾಡಿ ಒಂದೊಂದೇ ಇಟ್ಟಿಗೆ ಇಟ್ಟರು. ಮೂಲೆ ಎದ್ದಿತು. ಮಧ್ಯದಲ್ಲಿ ಒಂದು ಕಿಂಡಿ ಉಳಿಯಿತು.

ಎಲ್ಲರೂ ಲಿನ್‌ವುಡ್‌ನನ್ನು ನೋಡಿದರು.

“ಒಡೆದೆ” ಎಂದ ಅವನು. “ಒಂದು ತುಂಡು ಕಾಂಕ್ರೀಟಿನೊಳಗೆ ಹೋಯ್ತು. ಮೂಲೆಗೆ ಅರ್ಧ ಬೇಕಿತ್ತು.” ತನ್ನ ಮಾತು ತನಗೇ ಕೇಳಿಸಿತು. ಅರ್ಧ ಬೇಕಿತ್ತು. ಒಂದು ಮಗುವಿನ ಅರ್ಧ ಕೈ.

ಕಿಂಡಿಯ ಒಳಗೆ ಕತ್ತಲು. ಆ ಕತ್ತಲಿನಿಂದ ಸಣ್ಣಗೆ ಬಿಕ್ಕುವ ಸದ್ದು. ಉಬ್ಬರದ ನೀರು ಇರಬಹುದು. ಯಾರೂ ಹಾಗೆಂದು ಹೇಳಲಿಲ್ಲ. ಓಕ್ ಮರದ ಕೆಳಗೆ ಕಂಬಳಿ ಹೊದ್ದು ಕೂತ ರುಥೀನಾ ಹೊಟ್ಟೆ ಹಿಡಿದು ಬಗ್ಗಿದಳು. ಅಜ್ಜಿ ಅವಳ ಹೊಟ್ಟೆಯ ಮೇಲಿಂದ ಕಿವಿ ತೆಗೆಯಲೇ ಇಲ್ಲ.

“ಒಂದು ಕೈ ಕಮ್ಮಿ ಇದೆ” ಎಂದಳು. “ಅದು ಇಲ್ಲಿಂದ ತಗೋಳತ್ತೆ.”

“ನನ್ನದು ಕೊಡ್ತೀನಿ.”

“ಕೊಟ್ಟಿದ್ದು ವಾಪಸ್ ಬರಲ್ಲ ಅಳಿಯಪ್ಪ. ಗೊತ್ತಿರ್ಲಿ.”

ಅವನು ರುಥೀನಾಳನ್ನು ನೋಡಿದ. ಅವಳು ಗೋಡೆಯನ್ನು ನೋಡುತ್ತಿದ್ದಳು. ಬೇಡ ಎನ್ನಲಿಲ್ಲ.

ಕಾಲುವೆಯ ದಂಡೆಯಿಂದ ಅವನೇ ಜೇಡಿ ಬಗೆದ. ತುಳಿದು, ಹದ ಮಾಡಿ, ಮೊಣಕಾಲೂರಿ ಇಟ್ಟಿಗೆ ತಟ್ಟಿದ. ಬಲಗೈಯನ್ನು ಅದರ ಮೇಲಿಟ್ಟ. ಕರಣೆ ಹಿಡಿದ ಕೈ. ಒಂದೇ ಏಟಿಗೆ ಎರಡು ಮಾಡಿದ ಕೈ. ಅಜ್ಜಿ ತನ್ನ ಎರಡೂ ಅಂಗೈ ಅವನ ಕೈಯ ಮೇಲೆ ಊರಿ, ಕೆಳದನಿಯಲ್ಲಿ ಏನೋ ಹೇಳುತ್ತ ಒತ್ತಿದಳು. ಜೇಡಿಯ ಆಳದಲ್ಲಿ ಯಾವುದೋ ಪುಟ್ಟ ಕೈ ಅವನ ಬೆರಳುಗಳನ್ನು ಹುಡುಕಿ ಹಿಡಿಯಿತು.

ಹಸಿ ಇಟ್ಟಿಗೆಯನ್ನು ಕಿಂಡಿಗಿಟ್ಟರು. ಸಮುದ್ರ ತಂದೆಸೆದ ಕಟ್ಟಿಗೆ ರಾಶಿ ಹಾಕಿ, ಗೋಡೆಯ ಮುಖಕ್ಕೆ ಬೆಂಕಿ ಹಚ್ಚಿದರು. ಲಿನ್‌ವುಡ್ ದೂರ, ಮರದ ಹತ್ತಿರ ನಿಂತಿದ್ದ. ಬೆಂಕಿ ಅವನನ್ನು ಮುಟ್ಟಲಿಲ್ಲ. ಆದರೂ ಕೈ ಬೇಯತೊಡಗಿತು. ಮೊದಲು ಬೆರಳ ತುದಿ. ಆಮೇಲೆ ಅಂಗೈ. ಮೂಳೆ. ಅವನು ಹಲ್ಲು ಕಚ್ಚಿದ. ಅಂಗಿಯ ತೋಳು ಕಚ್ಚಿದ. ಚರ್ಮ ಹಾಗೇ ಇತ್ತು, ಒಂದು ಬೊಬ್ಬೆಯೂ ಇಲ್ಲ, ಒಳಗೆ ಮಾತ್ರ ಭಟ್ಟಿ. ಚೀರಲಿಲ್ಲ. ಚೀರುವ ಹಕ್ಕು ತನಗಿಲ್ಲ ಎನಿಸಿತು. ಅವರು ಚೀರಿದ್ದನ್ನು ಅಳಿಲು ಅಂದವನು ಅವನೇ.

ಬೆಂಕಿ ಇಳಿಯಿತು. ನೋವು ಇಳಿಯಿತು. ಆಮೇಲೆ ಕೈಯೇ ಇಳಿದುಹೋದಂತೆ, ಏನೂ ಇಲ್ಲ.

“ಒದೀತು!” ರುಥೀನಾ ಕೂಗಿದಳು. ಅಳುತ್ತಿದ್ದಳು, ನಗುತ್ತಿದ್ದಳು. “ಅಜ್ಜೀ, ಒದೀತು ನೋಡು, ಕತ್ತೆಮರಿ ಹಾಗೆ ಒದೀತಿದೆ!”

ಅಜ್ಜಿಯ ಕೈ ಹಿಡಿದು ಹೊಟ್ಟೆಗೆ ಒತ್ತಿಕೊಂಡಳು. ಅವನ ಕೈಯನ್ನು ಕೇಳಲಿಲ್ಲ.

*

ಹುಡುಗಿ ಹುಟ್ಟಿದಳು. ಒಡೆಸ್ಸಾ ಎಂದು ಹೆಸರು. ಜವುಗಿನ ಹುಲ್ಲು ಮತ್ತೆ ಹಸಿರಾಗುವ ಹೊತ್ತಿಗೆ ಅವಳಿಗೆ ಬೆರಳಿಡಿಸುವ ದಿನ ಬಂತು.

ಅಷ್ಟರಲ್ಲಿ ಲಿನ್‌ವುಡ್ ಎಡಗೈಯಲ್ಲಿ ಚಮಚ ಹಿಡಿಯಲು ಕಲಿತಿದ್ದ. ಬಲಗೈ ನೋಡಲು ಎಲ್ಲರ ಕೈಯಂತೆಯೇ ಇತ್ತು, ಬೆರಳ ತುದಿಯ ಗೆರೆಗಳು ಮಾತ್ರ ಅಳಿಸಿ ನುಣ್ಣಗಾಗಿದ್ದವು. ಕರಣೆ ಕೊಟ್ಟರೆ ಜಾರುತ್ತಿತ್ತು. ಬಿಸಿ, ತಣ್ಣಗೆ, ಮುಳ್ಳು, ಯಾವುದೂ ತಿಳಿಯುತ್ತಿರಲಿಲ್ಲ. ರುಥೀನಾ ಈಗ ಅವನೊಡನೆ ಮಾತಾಡುತ್ತಿದ್ದಳು. ಅನ್ನ ಬೇಕಾ, ಬಾಗಿಲು ಹಾಕು, ಇಂಥವು. ತೊಟ್ಟಿಲಿನ ಮಗು ಯಾವಾಗಲೂ ಅವನ ಆ ಬಲಗೈಯ ಬೆರಳನ್ನೇ ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿತ್ತು. ಅವನಿಗೆ ಕಾಣುತ್ತಿತ್ತು, ಅಷ್ಟೇ. ತನ್ನ ಮಗಳ ಮುಷ್ಟಿ ಬೆಚ್ಚಗಿದೆಯೋ ತಣ್ಣಗಿದೆಯೋ ಬೇರೆಯವರನ್ನು ಕೇಳಬೇಕಿತ್ತು. ಕೇಳಲಿಲ್ಲ.

ಅವನು ಗೋಡೆಯ ಹತ್ತಿರ ಹೋಗಲಿಲ್ಲ. ದಾರಿಯಲ್ಲೇ ನಿಂತ. ಅಜ್ಜಿ ಮಗುವನ್ನೆತ್ತಿ, ತಾಯಿಯದೇ ಇರಲಿ ಎಂದು ಚಿಪ್ಪಿನ ಚೂರಿದ್ದ ಗುಳಿಯ ಹತ್ತಿರ ಹಿಡಿದಳು. ಮಗು ಮುಷ್ಟಿ ಬಿಗಿಮಾಡಿತು. ಪಕ್ಕದ್ದಕ್ಕೆ ಹಿಡಿದಳು. ಅದಕ್ಕೂ ಇಲ್ಲ. “ಹಟಮಾರಿ! ಥೇಟ್ ಇವಳ ತಾಯಿ” ಎಂದ ಜಬೆಜ್. ಹೆಂಗಸರು ನಕ್ಕರು. ಆಗ ಮಗು ತಾನಾಗಿ ವಾಲಿ, ಮುಷ್ಟಿ ಬಿಚ್ಚಿ, ಆ ಪುಟ್ಟ ಗುಳಿಗಳ ನಡುವೆ ಇದ್ದ ಒಂದೇ ಒಂದು ದೊಡ್ಡ ಅಂಗೈಯ ಗುರುತಿನೊಳಗೆ ತನ್ನ ಇಡೀ ಕೈಯನ್ನು ಇಟ್ಟುಬಿಟ್ಟಿತು.

ದಾರಿಯಲ್ಲಿ ನಿಂತ ಲಿನ್‌ವುಡ್ ಬೆಚ್ಚಿದ.

ತಿಳಿಯಿತು. ಬೆಚ್ಚಗಿತ್ತು. ಹಾಲಿನ ಅಂಟು ಅಂಟು, ಮೆತ್ತಗೆ, ಹೂವಿನ ಒಳಮೈಯಂತೆ. ಅವಳ ಪ್ರತಿ ಉಗುರೂ, ಪ್ರತಿ ಗೆರೆಯೂ ಅಲ್ಲಿ, ಗೋಡೆಯೊಳಗಿನ ಅವನ ಕೈಗೆ ತಿಳಿಯಿತು. ಮಗಳು ಆ ಕೈಯನ್ನು ಮೊದಲ ಬಾರಿಗೆ ಮುಟ್ಟಿದ್ದಳು. ಅವನು ಅಲ್ಲೇ ಮೊಣಕಾಲೂರಿ, ಯಾರು ನೋಡಿದರೂ ನೋಡಲಿ ಎಂದು ಅತ್ತ.

ಅಷ್ಟರಲ್ಲಿ ಪಕ್ಕದಿಂದ ಇನ್ನೊಂದು ಬೆರಳು ಬಂತು. ತಣ್ಣಗೆ, ಹಸಿಜೇಡಿ ಹಚ್ಚಿಕೊಂಡದ್ದು. ಕೆಳಗಿನಿಂದ ಒಂದು. ಮೇಲಿನಿಂದ ಒಂದು. ಮಗಳ ಬೆಚ್ಚನೆಯ ಅಂಗೈಯ ಸುತ್ತ ಅವು ಒಂದೊಂದಾಗಿ ಬಂದು, ಅವನ ಬೆರಳುಗಳನ್ನು ಆತುಕೊಂಡವು.

“ಸಾಕು ಬಾ ಕಂದಾ” ಎಂದು ಅಜ್ಜಿ ಮಗುವನ್ನು ಎತ್ತಿಕೊಂಡಳು. ಮಗು ಕೈ ತೆಗೆಯಿತು.

ಉಳಿದವರು ತೆಗೆಯಲಿಲ್ಲ.